ಕೆಲಸದ ಸ್ಥಳದಲ್ಲಿ ಬೆದರಿಕೆ, ಹಲ್ಲೆ: ಮೇಲ್ವಿಚಾರಕರು ಏನು ಮಾಡಬೇಕು? ಇಲ್ಲಿದೆ ಮಾಹಿತಿ

2012ರ ಜುಲೈ 18ರ ಬೆಳಗ್ಗೆ ಹರಿಯಾಣದ ಮಾನೇಸರ್‌ನ ಮಾರುತಿ ಸುಜುಕಿ ಕಾರ್ಖಾನೆಯಲ್ಲಿ ಒಬ್ಬ ಕಾರ್ಮಿಕ ಮತ್ತು ಮೇಲ್ವಿಚಾರಕನ ನಡುವೆ ಜಗಳವಾಯಿತು. ಕಾರ್ಮಿಕನೇ ಹಲ್ಲೆ ಮಾಡಿದ ಎಂದು ಆಡಳಿತ ಮಂಡಳಿ ಹೇಳಿದರೆ, ಮೇಲ್ವಿಚಾರಕ ಜಾತಿ ಹಿಡಿದು ನಿಂದಿಸಿದ ಎಂದು ಕಾರ್ಮಿಕರು ಆರೋಪಿಸಿದರು. ಸಂಜೆಯ ಹೊತ್ತಿಗೆ ಅದು ದೊಂಬಿಯಾಗಿ, ಮಾನವ ಸಂಪನ್ಮೂಲ ವಿಭಾಗದ ಜನರಲ್ ಮ್ಯಾನೇಜರ್ ಪ್ರಾಣ ಕಳೆದುಕೊಂಡರು. ಸುಮಾರು ಒಂದು ತಿಂಗಳು ಕಾರ್ಖಾನೆಗೆ ಬೀಗ ಬಿತ್ತು.

2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆ ನರಸಾಪುರದ ವಿಸ್ಟ್ರಾನ್ ಐಫೋನ್ ಘಟಕದಲ್ಲಿ ವೇತನದ ಅಸಮಾಧಾನ ದಾಂಧಲೆಯಾಗಿ ಸ್ಫೋಟಿಸಿತು. ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಪಾವತಿಯಾಗಿರಲಿಲ್ಲ ಎಂಬುದನ್ನು ಬಳಿಕ ಕಂಪನಿಯೇ ಒಪ್ಪಿಕೊಂಡಿತು.

ಮಾನೇಸರ್‌ನಲ್ಲಿ ಮೊದಲ ಜಗಳಕ್ಕೂ ದೊಂಬಿಗೂ ನಡುವೆ ಕೆಲವು ಗಂಟೆಗಳಿದ್ದವು. ನರಸಾಪುರದಲ್ಲಿ ದಾಂಧಲೆಗೆ ಮೊದಲೇ ಸಂಬಳದ ದೂರುಗಳಿದ್ದವು. ಇಂಥ ಅವಧಿಯಲ್ಲಿ ಕೆಲಸಗಾರರಿಗೆ ಅತಿ ಹತ್ತಿರದಲ್ಲಿರುವವರು ಮೇಲ್ವಿಚಾರಕರು. ಅದು ಮುಂಬೈನ ಉಡುಪಿ ಹೋಟೆಲ್ ಮ್ಯಾನೇಜರ್ ಇರಬಹುದು, ಪುಣೆಯ ಕಾರ್ಖಾನೆಯ ಶಿಫ್ಟ್ ಇನ್‌ಚಾರ್ಜ್ ಇರಬಹುದು, ಹೈದರಾಬಾದ್‌ನ ಐಟಿ ಕಂಪನಿಯ ಟೀಮ್ ಲೀಡರ್ ಇರಬಹುದು.

ಹೊಡೆತ ಮಾತ್ರ ಹಿಂಸೆಯಲ್ಲ

ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ ಅಂಗೀಕರಿಸಿದ 190ನೇ ಒಡಂಬಡಿಕೆಯ ಪ್ರಕಾರ ದೈಹಿಕ, ಮಾನಸಿಕ, ಲೈಂಗಿಕ ಅಥವಾ ಆರ್ಥಿಕ ಹಾನಿ ಉಂಟುಮಾಡುವ ವರ್ತನೆ ಮಾತ್ರವಲ್ಲ, ಅಂಥ ಬೆದರಿಕೆಯೂ ಹಿಂಸೆಯೇ. ಒಂದೇ ಬಾರಿ ನಡೆದರೂ ಅದು ಹಿಂಸೆಯೇ. ಕಚೇರಿಗೆ ಹೋಗಿಬರುವ ದಾರಿ, ಮಾಲೀಕರು ಕೊಟ್ಟ ವಸತಿ, ಕೆಲಸಕ್ಕೆ ಸಂಬಂಧಿಸಿದ ಫೋನ್ ಸಂದೇಶ ಕೂಡ ಇದರ ವ್ಯಾಪ್ತಿಗೆ ಬರುತ್ತವೆ. ಗ್ರಾಹಕರು, ರೋಗಿಗಳ ಸಂಬಂಧಿಕರಂಥ ಹೊರಗಿನವರ ದೌರ್ಜನ್ಯವನ್ನೂ ಮೇಲ್ವಿಚಾರಕರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮೊದಲೇ ಗಮನಿಸಬೇಕಾದ ಲಕ್ಷಣಗಳು

* "ನೋಡ್ಕೋತೀನಿ", "ಹೊರಗೆ ಸಿಗು" ಎಂಬಂಥ ಮಾತು ಪದೇ ಪದೇ ಬರುವುದು
* ಒಬ್ಬ ಸಹೋದ್ಯೋಗಿಯನ್ನೇ ಗುರಿಯಾಗಿಸಿ ಹಂಗಿಸುವುದು, ಹಿಂಬಾಲಿಸುವುದು
* ವಸ್ತುಗಳನ್ನು ಎಸೆಯುವುದು, ಬಾಗಿಲು ಬಡಿಯುವುದು, ಕುಡಿದು ಕೆಲಸಕ್ಕೆ ಬರುವುದು
* ಚೆನ್ನಾಗಿದ್ದವರು ಇದ್ದಕ್ಕಿದ್ದಂತೆ ಗೈರಾಗುವುದು, ನಿರ್ದಿಷ್ಟ ವ್ಯಕ್ತಿಯ ಜತೆ ಶಿಫ್ಟ್ ಬೇಡ ಎನ್ನುವುದು

ಕೊನೆಯ ಲಕ್ಷಣವನ್ನು ಹಲವರು ಸೋಮಾರಿತನ ಎಂದುಕೊಂಡು ಬಿಡುತ್ತಾರೆ. ಆದರೆ ಅದು ಭಯದ ಲಕ್ಷಣವೂ ಆಗಿರಬಹುದು. ಹಾಗೆಯೇ, ಯಾರದೋ ಊರು, ಭಾಷೆ, ಜಾತಿ ಅಥವಾ ಮಾನಸಿಕ ಅನಾರೋಗ್ಯ ನೋಡಿ "ಇವರು ಅಪಾಯಕಾರಿ" ಎಂದು ತೀರ್ಮಾನಿಸುವುದು ತಪ್ಪು. ನೋಡಬೇಕಾದ್ದು ವರ್ತನೆಯನ್ನು.

ಜಗಳ ಬೆಳೆಯದಂತೆ ತಡೆಯುವುದು ಹೇಗೆ?

ಸಂಬಳ, ಓವರ್‌ಟೈಮ್, ರಜೆ ಮತ್ತು ಶಿಫ್ಟ್ ಹಂಚಿಕೆ ಬಗೆಗಿನ ದೂರುಗಳಿಗೆ ಉತ್ತರ ಕೊಡುವ ದಿನಾಂಕ ನಿಗದಿ ಮಾಡಬೇಕು. "ಇಲ್ಲ" ಎನ್ನುವುದಾದರೂ ಕಾರಣ ಹೇಳಬೇಕು. ತಪ್ಪು ಮಾಡಿದವರನ್ನು ಎಲ್ಲರೆದುರು ಬೈಯದೆ, ಪ್ರತ್ಯೇಕವಾಗಿ ಕರೆದು ಮಾತನಾಡಬೇಕು. ನಗದು ಕೌಂಟರ್ ಮತ್ತು ರಾತ್ರಿ ಪಾಳಿಯಲ್ಲಿ ಒಬ್ಬರನ್ನೇ ಬಿಡಬಾರದು. ಸಿಸಿಟಿವಿ, ದೀಪ, ಹೊರಹೋಗುವ ಬಾಗಿಲು ಸರಿಯಾಗಿವೆಯೇ ಎಂದು ಆಗಾಗ ಪರಿಶೀಲಿಸಬೇಕು. ಸಣ್ಣ ಬೆದರಿಕೆಯನ್ನೂ ದಿನಾಂಕ, ಸಮಯ, ಆಡಿದ ಮಾತು ಮತ್ತು ಅಲ್ಲಿದ್ದವರ ಹೆಸರಿನೊಂದಿಗೆ ಬರೆದಿಟ್ಟುಕೊಳ್ಳಬೇಕು.

ಗಲಾಟೆ ಶುರುವಾದಾಗ

1. ದನಿ ಏರಿಸಬಾರದು. ಕೈಗೆಟುಕದಷ್ಟು ದೂರದಲ್ಲಿ ನಿಂತು ಮಾತನಾಡಬೇಕು. ಬೆರಳು ತೋರಿಸುವುದು, ಮೈಮುಟ್ಟುವುದು ಬೇಡ.
2. ಎದುರಿನವರು ಹೊರಹೋಗುವ ದಾರಿಯನ್ನು ಅಡ್ಡಗಟ್ಟಬಾರದು. ತಮ್ಮ ಹಿಂದೆಯೂ ದಾರಿ ಇರುವಂತೆ ನೋಡಿಕೊಳ್ಳಬೇಕು.
3. ಸುತ್ತ ಸೇರಿದವರನ್ನು ದೂರ ಕಳುಹಿಸಬೇಕು. ಜನರೆದುರು ಸೋಲಬಾರದೆಂಬ ಹಟ ಜಗಳವನ್ನು ಬೆಳೆಸುತ್ತದೆ.
4. ಆಯುಧ ಕಂಡರೆ ಕಸಿದುಕೊಳ್ಳಲು ಹೋಗಬಾರದು. ಎಲ್ಲರನ್ನೂ ಹೊರಗೆ ಕಳುಹಿಸಿ 112ಕ್ಕೆ ಕರೆ ಮಾಡಬೇಕು.

ಹಲ್ಲೆ ನಡೆದ ನಂತರ

ಮೊದಲ ಆದ್ಯತೆ ಚಿಕಿತ್ಸೆಗೆ. ಪೊಲೀಸರು ಬರುವವರೆಗೆ ಕಾಯಬೇಕಿಲ್ಲ. ಕಾನೂನು ಪ್ರಕ್ರಿಯೆಗಾಗಿ ಗಾಯಾಳುವಿನ ಚಿಕಿತ್ಸೆ ತಡಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಹಲ್ಲೆಯಿಂದ ಆದ ಗಾಯ ಎಂದು ವೈದ್ಯರಿಗೆ ತಿಳಿಸಿ, ಆಸ್ಪತ್ರೆಯಲ್ಲಿ ಎಂಎಲ್‌ಸಿ ದಾಖಲಾಗುವಂತೆ ನೋಡಿಕೊಳ್ಳಬೇಕು.

ಸಿಸಿಟಿವಿ ದೃಶ್ಯದ ಪ್ರತಿಯನ್ನು ಅದೇ ದಿನ ತೆಗೆದಿಡಬೇಕು. ಕೆಲವು ದಿನಗಳ ಬಳಿಕ ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗಿಬಿಡುತ್ತದೆ. ಸಾಕ್ಷಿಗಳ ಹೇಳಿಕೆಯನ್ನು ಬೇರೆ ಬೇರೆಯಾಗಿ ಬರೆಸಿಕೊಳ್ಳಬೇಕು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 115 ಹಲ್ಲೆಯಿಂದ ಗಾಯಗೊಳಿಸುವುದಕ್ಕೆ, ಸೆಕ್ಷನ್ 351 ಬೆದರಿಕೆಗೆ ಅನ್ವಯಿಸುತ್ತದೆ. ಸಾಮಾನ್ಯ ಗಾಯದ ಪ್ರಕರಣಗಳನ್ನು ಪೊಲೀಸರು ಎಫ್‌ಐಆರ್ ಬದಲು ಎನ್‌ಸಿ ಎಂದು ದಾಖಲಿಸಬಹುದು. ಆಗಲೂ ಅದರ ಪ್ರತಿ ಪಡೆಯುವುದು ಮುಖ್ಯ. ಕೋಲ್ಕತ್ತಾದ ಆರ್‌.ಜಿ. ಕರ್ ಆಸ್ಪತ್ರೆಯ ಘಟನೆಯ ನಂತರ, ಸಿಬ್ಬಂದಿ ಮೇಲೆ ಕರ್ತವ್ಯದ ವೇಳೆ ಹಲ್ಲೆಯಾದರೆ 6 ಗಂಟೆಯೊಳಗೆ ಸಂಸ್ಥೆಯ ಮುಖ್ಯಸ್ಥರೇ ದೂರು ದಾಖಲಿಸಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2024ರ ಆಗಸ್ಟ್‌ನಲ್ಲಿ ಸೂಚಿಸಿತು. ಪೆಟ್ಟು ತಿಂದವರೇ ಠಾಣೆಗೆ ಅಲೆಯದಂತೆ ನೋಡಿಕೊಳ್ಳುವುದು ಬೇರೆ ಸಂಸ್ಥೆಗಳೂ ಅನುಸರಿಸಬಹುದಾದ ಕ್ರಮ.

ಲೈಂಗಿಕ ಕಿರುಕುಳದ ದೂರು ಬಂದರೆ

ಇಲ್ಲಿ ಮೇಲ್ವಿಚಾರಕರು ತಾವೇ ಪಂಚಾಯಿತಿ ನಡೆಸುವಂತಿಲ್ಲ. 2013ರ ಕಾಯ್ದೆಯ ಪ್ರಕಾರ 10 ಅಥವಾ ಹೆಚ್ಚು ಉದ್ಯೋಗಿಗಳಿರುವ ಕಡೆ ಆಂತರಿಕ ಸಮಿತಿ ಕಡ್ಡಾಯ. ಅದಕ್ಕಿಂತ ಚಿಕ್ಕ ಸಂಸ್ಥೆಗಳಲ್ಲಿರುವವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ನೀಡಬಹುದು. ಘಟನೆ ನಡೆದ 3 ತಿಂಗಳೊಳಗೆ ದೂರು ಕೊಡಬೇಕು. ಸೂಕ್ತ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಅವಕಾಶ ನೀಡಬಹುದು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ವಿಚಾರಣೆ ಮುಗಿಯುವವರೆಗೆ ವರ್ಗಾವಣೆ ಅಥವಾ 3 ತಿಂಗಳವರೆಗಿನ ರಜೆ ಕೋರಲು ದೂರುದಾರೆಗೆ ಅವಕಾಶವಿದೆ. ಹೆಸರು, ವಿವರ ಗುಟ್ಟಾಗಿರಬೇಕು. ಮಹಿಳಾ ಸಹಾಯವಾಣಿ ಸಂಖ್ಯೆ 181.

ಕೆಲಸದಿಂದ ತೆಗೆಯುವಾಗ ಎಚ್ಚರ

2023ರ ಜುಲೈನಲ್ಲಿ ಬೆಂಗಳೂರಿನ ಖಾಸಗಿ ಕಂಪನಿಯೊಂದರ ಇಬ್ಬರು ಉನ್ನತ ಅಧಿಕಾರಿಗಳನ್ನು ಕಚೇರಿಗೇ ನುಗ್ಗಿ ಕೊಲ್ಲಲಾಯಿತು. ಮಾಜಿ ಉದ್ಯೋಗಿಯೇ ಪ್ರಮುಖ ಆರೋಪಿ. ಕೆಲಸ ಬಿಟ್ಟವರ ಗುರುತಿನ ಚೀಟಿ, ಪ್ರವೇಶ ಕಾರ್ಡ್ ಹಿಂಪಡೆದು, ಹೊರಗಿನಿಂದ ಬರುವ ಎಲ್ಲರನ್ನೂ ಸ್ವಾಗತ ವಿಭಾಗದಲ್ಲೇ ವಿಚಾರಿಸಿ ಒಳಬಿಡುವ ಪದ್ಧತಿ ಇರಬೇಕು. ವಜಾ ವಿಷಯವನ್ನು ಇನ್ನೊಬ್ಬರ ಸಮ್ಮುಖದಲ್ಲಿ, ಗೌರವದಿಂದ ತಿಳಿಸಬೇಕು. ಬಾಕಿ ಹಣದ ಲೆಕ್ಕವನ್ನು ಕೈಯಲ್ಲಿಟ್ಟುಕೊಂಡೇ ಮಾತು ಆರಂಭಿಸಬೇಕು.

ಹಲ್ಲೆಯ ಆರೋಪಿಗೂ ತನ್ನ ವಾದ ಹೇಳುವ ಹಕ್ಕಿದೆ. ಸ್ಥಾಯಿ ಆದೇಶಗಳು ಅನ್ವಯಿಸುವ ಕಡೆ ವಿಚಾರಣೆಗಾಗಿ ಅಮಾನತಾದ ಕಾರ್ಮಿಕನಿಗೆ ಮೊದಲ 90 ದಿನ ವೇತನದ ಶೇ 50ರಷ್ಟು ಜೀವನಾಧಾರ ಭತ್ಯೆ ಕೊಡಬೇಕು.

ರಾಜಿ ಮಾಡಿಸುವ ಆತುರ ಬೇಡ

ಇಬ್ಬರನ್ನೂ ಕೂರಿಸಿ, ಕೈ ಕುಲುಕಿಸಿ "ಆಗಿದ್ದು ಆಗಿಹೋಯ್ತು" ಎನ್ನುವುದು ಹಲವು ಕಡೆ ರೂಢಿ. ಹೊಡೆತ ತಿಂದವರು ನೌಕರಿ ಉಳಿಸಿಕೊಳ್ಳಲು ತಲೆಯಾಡಿಸಬಹುದು. ಆದರೆ ದೂರು ಹೇಳಿದರೂ ಪ್ರಯೋಜನವಿಲ್ಲ ಎಂದು ಉಳಿದವರಿಗೂ ಅನಿಸಿದರೆ, ಮುಂದಿನ ಬೆದರಿಕೆ ಮೇಲ್ವಿಚಾರಕರ ಕಿವಿಗೆ ಬೀಳುವುದೇ ಇಲ್ಲ. ಒಂದು ವಾರ, ಒಂದು ತಿಂಗಳ ನಂತರವೂ ಅವರನ್ನು ಮಾತನಾಡಿಸಿ, ಭಯ ಹೋಗಿದೆಯೇ ಎಂದು ಕೇಳಬೇಕು. ಅಲ್ಲಿಯವರೆಗೆ ಪ್ರಕರಣ ಮುಗಿದಂತಲ್ಲ.