ಮರದ ನೆರಳಿಗೆ ಲೈಸೆನ್ಸ್ ಕೊಡುವವರು ಯಾರು?

ಸಂಜೆ ನಾಲ್ಕು ಗಂಟೆ ಸುಮಾರಿಗೆ ಶಾಲೆ ಬಿಡುತ್ತದೆ. ಹೊಸೂರಿನ ಕಾರ್ಖಾನೆಗೋ, ಸೇಲಂನ ಮಗ್ಗಕ್ಕೋ, ಧರ್ಮಪುರಿ ಕಡೆಯ ಮಾವಿನ ತೋಪಿಗೋ ಕೂಲಿಗೆ ಹೋದ ಅಪ್ಪ ಅಮ್ಮ ಮನೆ ಸೇರುವುದು ಆರೂವರೆ, ಏಳು ಗಂಟೆಗೆ. ನಡುವಿನ ಈ ಎರಡು ಮೂರು ಗಂಟೆ ಮಗು ಯಾರ ಹೊಣೆ? ಗಡಿನಾಡಿನ ಕನ್ನಡ ಮೇಷ್ಟ್ರುಗಳು ನಾಲ್ಕು ಜನ ಸೇರಿದ ಕಡೆಯೆಲ್ಲ ಈ ಮಾತು ಬರುತ್ತದೆ. ಮರದ ಕೆಳಗೆ, ದೇವಸ್ಥಾನದ ಜಗಲಿಯ ಮೇಲೆ, ಪಂಚಾಯಿತಿ ಬಯಲಿನಲ್ಲಿ ಸಂಜೆ ಹೊತ್ತು ಮಕ್ಕಳನ್ನು ಕೂಡಿಸಿಕೊಂಡು ಪಾಠ, ಆಟ ನಡೆಸುವವರು ನಮ್ಮ ಊರುಗಳಲ್ಲಿ ಬೇಕಾದಷ್ಟಿದ್ದಾರೆ. ಅವರಿಗೆ ಲೈಸೆನ್ಸ್ ಬೇಕೇ? ಬೇಕಾದರೆ ಯಾವ ಕಾನೂನಿನ ಕೆಳಗೆ? ಹುಡುಕುತ್ತಾ ಹೋದ ನಮಗೆ ಉತ್ತರ ಸಿಗುವುದಕ್ಕಿಂತ ಮೊದಲು ಒಂದು ಇತಿಹಾಸವೇ ಸಿಕ್ಕಿತು. ಅದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಮೊದಲು ನಮ್ಮ ನೆಲದ ಲೆಕ್ಕ. 1792ರಲ್ಲಿ ಟಿಪ್ಪು ಸುಲ್ತಾನ್ ಬಿಟ್ಟುಕೊಟ್ಟ ಬಾರಾಮಹಲ್ ಪ್ರದೇಶ ಕಂಪನಿ ಕೈಗೆ ಹೋಗಿ, ಮುಂದೆ ಸೇಲಂ ಜಿಲ್ಲೆಯ ಭಾಗವಾಯಿತು. 1965ರ ಅಕ್ಟೋಬರ್ 2ರಂದು ಸೇಲಂ ಒಡೆದು ಧರ್ಮಪುರಿ ಜಿಲ್ಲೆ ಹುಟ್ಟಿತು. 2004ರ ಫೆಬ್ರವರಿಯಲ್ಲಿ ಧರ್ಮಪುರಿ ಒಡೆದು ಕೃಷ್ಣಗಿರಿ ಆಯಿತು. ಹೊಸೂರು, ತಳಿ, ಡೆಂಕಣಿಕೋಟೆಯವರು ಮನೆ ಬದಲಾಯಿಸದೆ ಮೂರು ಜಿಲ್ಲೆ ನೋಡಿದರು! ಹಾಗಾಗಿ ಹಳೆಯ ಸೇಲಂ, ಧರ್ಮಪುರಿ ಅಂದಾಗ ನಾವು ಈ ಇಡೀ ಸೀಮೆಯನ್ನೇ ಹೇಳುತ್ತಿದ್ದೇವೆ ಅಂತ ತಿಳಿಯಿರಿ.

ಬಾರಾಮಹಲ್‌ನಲ್ಲಿ ಕಂದಾಯದ ಕೆಲಸ ಕಲಿತ ಥಾಮಸ್ ಮನ್ರೋ ಮುಂದೆ ಮದ್ರಾಸಿನ ಗವರ್ನರ್ ಆಗಿ, 1822ರಲ್ಲಿ ಇಡೀ ಪ್ರಾಂತ್ಯದ ಊರ ಶಾಲೆಗಳ ಲೆಕ್ಕ ಕೇಳಿದ. ಆಗಿನ ಶಾಲೆಗಳಲ್ಲಿ ಬಹಳಷ್ಟು ಜಗಲಿ ಶಾಲೆಗಳು, ತಮಿಳಿನಲ್ಲಿ ತಿಣ್ಣೈ ಪಳ್ಳಿ. ಬೀದಿಗೆ ತೆರೆದ ಜಗಲಿ, ಬೀದಿಯಲ್ಲಿ ಹೋಗುವವರೆಲ್ಲರ ಕಣ್ಣು ಮಕ್ಕಳ ಮೇಲೆ. ಇದಕ್ಕಿಂತ ಭದ್ರತೆ ಇನ್ನೇನು ಬೇಕು ಅಂತ ನಮ್ಮಲ್ಲಿ ಕೆಲವರು ಭಾವುಕರಾಗುವುದುಂಟು. ಆದರೆ ಆಗ ಮದ್ರಾಸ್ ಪ್ರಾಂತ್ಯದಲ್ಲೇ ಇದ್ದ ಬಳ್ಳಾರಿಯಿಂದ ಕಲೆಕ್ಟರ್ ಕ್ಯಾಂಪ್‌ಬೆಲ್ 1823ರಲ್ಲಿ ಬರೆದ ವರದಿಯನ್ನು ಓದಬೇಕು. ಬೆಳಗ್ಗೆ ಆರಕ್ಕೆ ಶಾಲೆ ಶುರು, ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎಷ್ಟು ಚೆಂದ ಅಲ್ಲವೇ? ಅದೇ ವರದಿಯಲ್ಲಿ, ಸೋಮಾರಿ ಹುಡುಗನನ್ನು ಹೊಡೆದು ಎರಡೂ ಕೈ ಕಟ್ಟಿ ಸೂರಿಗೆ ನೇತುಹಾಕುತ್ತಿದ್ದರು ಅಂತಲೂ ಇದೆ. ಬೀದಿಯ ಕಣ್ಣುಗಳು ಅದನ್ನೂ ನೋಡುತ್ತಲೇ ಇದ್ದವು. ಊರಿನ ನಂಬಿಕೆಯೊಂದೇ ಸಾಲದು, ಬರೆದಿಟ್ಟ ನಿಯಮವೂ ಬೇಕು ಅನ್ನುವುದಕ್ಕೆ ನಮಗೆ ಇದಕ್ಕಿಂತ ಹಳೆಯ ಸಾಕ್ಷಿ ಬೇಕಿಲ್ಲ.

ಶಾಲೆಯ ಹೊರಗಿನ ಹೊತ್ತಿನ ಬಗ್ಗೆ ಸರ್ಕಾರವೇ ತಲೆ ಹಾಕಿದ ದೊಡ್ಡ ಪ್ರಸಂಗ 1953ರದ್ದು. ಅದರ ಕರ್ತೃ ನಮ್ಮ ಸೀಮೆಯವರೇ, ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ಸಿ. ರಾಜಗೋಪಾಲಾಚಾರಿ. ಮದ್ರಾಸಿನ ಮುಖ್ಯಮಂತ್ರಿಯಾಗಿದ್ದಾಗ ಅವರು ಹಳ್ಳಿಯ ಪ್ರಾಥಮಿಕ ಶಾಲೆಯ ಹೊತ್ತನ್ನು ದಿನಕ್ಕೆ ಮೂರು ಗಂಟೆಗೆ ಇಳಿಸಿ, ಎರಡು ಪಾಳಿ ಮಾಡಿದರು. ಇದ್ದ ಕಟ್ಟಡದಲ್ಲೇ, ಇದ್ದ ಮೇಷ್ಟ್ರ ಕೈಲೇ ಹೆಚ್ಚು ಮಕ್ಕಳನ್ನು ಓದಿಸುವ ಉಪಾಯ. ಉಳಿದ ಹೊತ್ತು ಮಗು ತಾಯಿತಂದೆಯ ಜೊತೆ ಇದ್ದು ಅವರ ಕಸುಬು ಕಲಿಯಲಿ ಎಂದಿತು ಯೋಜನೆ. ಪೆರಿಯಾರ್ ಮತ್ತು ದ್ರಾವಿಡ ಚಳವಳಿಯವರು ಇದನ್ನು ಕುಲಕಸುಬಿನ ಶಿಕ್ಷಣ ಎಂದು ಕರೆದು ಬೀದಿಗಿಳಿದರು. 1954ರಲ್ಲಿ ಕಾಮರಾಜರು ಮುಖ್ಯಮಂತ್ರಿಯಾದ ಮೇಲೆ ಯೋಜನೆ ರದ್ದಾಯಿತು. ಜಾತಿಯ ಪ್ರಶ್ನೆ ದೊಡ್ಡದು, ಅದರ ಬಗ್ಗೆ ಪುಸ್ತಕಗಳೇ ಬಂದಿವೆ. ನಮ್ಮ ಮೇಷ್ಟ್ರ ಬುದ್ಧಿಗೆ ಹೊಳೆಯುವುದು ಇನ್ನೊಂದು ಸಣ್ಣ ಪ್ರಶ್ನೆ. ಆ ಅರ್ಧ ದಿನ ಹೊಲದಲ್ಲಿ, ಕುಲುಮೆಯ ಹತ್ತಿರ, ಬಾವಿಕಟ್ಟೆಯಲ್ಲಿ ಇರುವ ಏಳು ವರ್ಷದ ಮಗುವನ್ನು ನೋಡಿಕೊಳ್ಳುವವರು ಯಾರು? ಯೋಜನೆಯ ಉತ್ತರ 'ಮನೆಯವರು' ಅಷ್ಟೇ.

ಈ ಉತ್ತರ ಈಗಲೂ ಪೂರ್ತಿ ಬದಲಾಗಿಲ್ಲ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಗಿ, ಹದಿನಾಲ್ಕು ತುಂಬದ ಮಕ್ಕಳ ದುಡಿಮೆಗೆ ಎಲ್ಲ ಕಡೆ ನಿಷೇಧ ಬಂತು. ಒಳ್ಳೆಯದೇ. ಆದರೆ ಅದರಲ್ಲೇ ಒಂದು ಕಿಂಡಿ ಇದೆ. ಶಾಲೆ ಬಿಟ್ಟ ಮೇಲೆ ಮತ್ತು ರಜೆಯಲ್ಲಿ, ಅಪಾಯವಿಲ್ಲದ ಕೆಲಸವಾದರೆ, ಮಗು ತನ್ನ ಮನೆಯ ಉದ್ಯಮಕ್ಕೆ ಕೈಜೋಡಿಸಬಹುದು. ಸೇಲಂನಲ್ಲಿ ಕನ್ನಡ ಮಾತಾಡುವ ದೇವಾಂಗ ನೇಕಾರರ ಮನೆಗಳನ್ನು ಕಂಡವರಿಗೆ ಇದರ ಅರ್ಥ ಗೊತ್ತು. ಅಲ್ಲಿ ಮನೆಯೇ ಮಗ್ಗದ ಮನೆ, ಶಾಲೆಯಿಂದ ಬಂದ ಮಗು ಕೂರುವ ಜಾಗವೂ ಅದೇ. ಸಂಜೆಗೆ ಹೋಗಲು ಬೇರೊಂದು ಜಾಗವಿದ್ದರೆ ಆ ಮಗು ಕದಿರು ಸುತ್ತುವ ಬದಲು ಆಡುತ್ತಿರುತ್ತದೆ. ಬಯಲಿನ ಸಂಜೆ ಕೂಟಗಳು ನಿಲ್ಲಬಾರದು ಅಂತ ನಾವು ಹಟ ಹಿಡಿಯುವುದು ಇದಕ್ಕೇ.

ಇನ್ನು ಲೈಸೆನ್ಸಿನ ಕತೆ. ತಮಿಳುನಾಡಿನಲ್ಲಿ ಶಾಲೆ ನಡೆಸುವವರಿಗೆ 1965ರ ಸಾರ್ವಜನಿಕ ಕಟ್ಟಡಗಳ ಲೈಸೆನ್ಸ್ ಕಾಯ್ದೆ ಬಾಯಿಪಾಠ. ಕಟ್ಟಡ ಗಟ್ಟಿ ಇದೆ ಎಂದು ಎಂಜಿನಿಯರ್ ಬರೆದುಕೊಡಬೇಕು, ತಹಶೀಲ್ದಾರರ ಲೈಸೆನ್ಸ್, ಆರೋಗ್ಯ ಇಲಾಖೆಯ ನೈರ್ಮಲ್ಯ ಪತ್ರ, ಅಗ್ನಿಶಾಮಕದವರ ಪತ್ರ... ಇವನ್ನು ಹೊತ್ತು ಕಚೇರಿಯಿಂದ ಕಚೇರಿಗೆ ಅಲೆಯದ ಮುಖ್ಯೋಪಾಧ್ಯಾಯರು ಉಂಟೇ? ಕಾಗದಗಳಿದ್ದವು, ಆದರೆ ನೋಡುವ ಕಣ್ಣಿರಲಿಲ್ಲ. 2004ರ ಜುಲೈ 16ರಂದು ಕುಂಭಕೋಣದ ಶಾಲೆಯೊಂದರಲ್ಲಿ ಮಧ್ಯಾಹ್ನದ ಊಟದ ಅಡುಗೆಮನೆಯ ಬೆಂಕಿ ಗರಿಯ ಸೂರಿಗೆ ತಗುಲಿ 94 ಮಕ್ಕಳು ತೀರಿಹೋದರು. ಹೊಸ ಕೃಷ್ಣಗಿರಿ ಜಿಲ್ಲೆಗೆ ಆಗ ಐದು ತಿಂಗಳು. ರಾಜ್ಯದ ಶಾಲೆಗಳಿಂದ ಗರಿಯ ಸೂರುಗಳನ್ನು ಕಿತ್ತುಹಾಕಲು ಆದೇಶ ಬಂತು, ನ್ಯಾಯಮೂರ್ತಿ ಸಂಪತ್ ಆಯೋಗ ಕೂತಿತು. 2009ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇದೇ ದುರಂತದ ಹಿನ್ನೆಲೆಯ ಅರ್ಜಿಯಲ್ಲಿ ದೇಶದ ಎಲ್ಲ ಶಾಲೆಗಳಿಗೂ ಬೆಂಕಿಯ ಸುರಕ್ಷತೆಯನ್ನು ಕಡ್ಡಾಯ ಮಾಡಿತು.

ಅಲ್ಲಿಂದ ಮುಂದೆ ಒಂದೊಂದು ದುರಂತಕ್ಕೂ ಒಂದೊಂದು ನಿಯಮ. 2012ರಲ್ಲಿ ಚೆನ್ನೈ ಹತ್ತಿರ ಶಾಲಾ ಬಸ್ಸಿನ ನೆಲದ ತೂತಿನಿಂದ ಬಿದ್ದು ಪುಟ್ಟ ಹುಡುಗಿ ಸತ್ತಳು, ಅದೇ ವರ್ಷ ಶಾಲಾ ಬಸ್ಸುಗಳ ವಿಶೇಷ ನಿಯಮ ಬಂತು. 2014ರಲ್ಲಿ ಹೆಂಗಸರ ಮತ್ತು ಮಕ್ಕಳ ಹಾಸ್ಟೆಲುಗಳಿಗೆ ಕಾಯ್ದೆ, 2015ರಲ್ಲಿ ಪುಟ್ಟ ಮಕ್ಕಳ ಆಟದ ಶಾಲೆಗಳಿಗೆ ನಿಯಮಾವಳಿ. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ನಿಯಮ ಇರುವುದು ಗೋಡೆಗೆ, ಸೂರಿಗೆ, ಬಸ್ಸಿಗೆ, ಹಾಸಿಗೆಗೆ. ಸೂರೇ ಇಲ್ಲದ ಕಡೆ ಲೈಸೆನ್ಸ್ ಕೊಡುವವನಿಗೆ ನೋಡಲು ಏನೂ ಇಲ್ಲ.

ವಯಸ್ಸಿನ ಕಡೆಯಿಂದ ನೋಡಿದರೂ ಇದೇ ಕತೆ. 1948ರ ಕಾರ್ಖಾನೆ ಕಾಯ್ದೆ ಹೆಂಗಸರು ದುಡಿಯುವ ಕಡೆ ಶಿಶುಪಾಲನೆಯ ಕೋಣೆ ಇರಬೇಕು ಎಂದಿತ್ತು, ಆರು ವರ್ಷದೊಳಗಿನ ಮಕ್ಕಳಿಗೆ. ಅದರ ಜಾಗಕ್ಕೆ ಬಂದ 2020ರ ಸಂಹಿತೆಯಲ್ಲೂ ಆರು ವರ್ಷವೇ ಗೆರೆ. ಅಂಗನವಾಡಿಗೂ ಆರು. ಕರ್ನಾಟಕ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ತೆರೆದ ಕೂಸಿನ ಮನೆಗಳೂ ಇನ್ನೂ ಚಿಕ್ಕ ಮಕ್ಕಳಿಗೇ. ಆರು ತುಂಬಿದ ದಿನ ಮಗು ಶಾಲೆಯ ಪಾಲು, ಶಾಲೆ ಬಿಟ್ಟ ಗಂಟೆಯಿಂದ ಯಾರ ಪಾಲೂ ಅಲ್ಲ. ಹೊಸೂರಿನ ಕೈಗಾರಿಕಾ ವಸಾಹತು ಬೆಳೆಯುತ್ತಾ ನಮ್ಮ ಹಳ್ಳಿಗಳ ತಾಯಂದಿರು ಪಾಳಿ ಕೆಲಸಕ್ಕೆ ಹೋಗತೊಡಗಿದ ಮೇಲೆ ಈ ಖಾಲಿ ಜಾಗ ದೊಡ್ಡದಾಗುತ್ತಲೇ ಇದೆ.

ಹಾಗಾದರೆ ಬಯಲಿನಲ್ಲಿ ಅಪಾಯವೇ ಇಲ್ಲವೇ? ಬೆಂಕಿಯ ಅಪಾಯ ಕಡಿಮೆ, ನಿಜ. ಬೇರೆಯವು ಇವೆ. ಕಟ್ಟೆಯಿಲ್ಲದ ಹಳೆಯ ಬಾವಿ, ಕಲ್ಲು ತೆಗೆದು ಬಿಟ್ಟ ಕ್ವಾರಿಯಲ್ಲಿ ನಿಂತ ಮಳೆನೀರು, ಮುಚ್ಚಳವಿಲ್ಲದ ಕೊಳವೆಬಾವಿ. 2006ರಲ್ಲಿ ಹರಿಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಹುಡುಗ ಬದುಕಿ ಬಂದಾಗ ದೇಶವೇ ಟೀವಿ ಮುಂದೆ ಕೂತಿತ್ತು. ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ. 2010ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ಕೊರೆಯುವಾಗ ಸುತ್ತ ಬೇಲಿ, ಬಾಯಿಗೆ ಗಟ್ಟಿ ಮುಚ್ಚಳ, ನೀರು ಬಾರದೆ ಕೈಬಿಟ್ಟರೆ ತಳದಿಂದ ಮೇಲಿನವರೆಗೆ ಮಣ್ಣು ತುಂಬಬೇಕು. ತಮಿಳುನಾಡೂ 2015ರಲ್ಲಿ ಪಂಚಾಯಿತಿಗಳಿಗೆ ನಿಯಮ ಮಾಡಿತು. ಆದರೂ 2019ರ ಅಕ್ಟೋಬರ್‌ನಲ್ಲಿ ತಿರುಚಿರಾಪಳ್ಳಿ ಜಿಲ್ಲೆಯ ನಡುಕಾಟ್ಟುಪಟ್ಟಿಯಲ್ಲಿ ಎರಡು ವರ್ಷದ ಕೂಸೊಂದು ಮನೆಯ ಹತ್ತಿರದ ಹಳೆಯ ಕೊಳವೆಬಾವಿಗೆ ಬಿದ್ದು ತೀರಿಕೊಂಡಿತು. ಮಣ್ಣು ತುಂಬಲು ಎಷ್ಟು ಖರ್ಚು ಹೇಳಿ?

ನಮ್ಮ ತಳಿ, ಜವಳಗಿರಿ, ಡೆಂಕಣಿಕೋಟೆ ಕಡೆಗೆ ಇನ್ನೊಂದು ಸೇರಿಸಬೇಕು, ಆನೆ. ರಾಗಿ ತೆನೆ ಕಟ್ಟುವ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ಹಿಂಡುಗಳು ಇಳಿಯುತ್ತವೆ, ಮಾಗಿ ಮುಗಿಯುವವರೆಗೆ ಸುತ್ತಮುತ್ತಲೇ ಇರುತ್ತವೆ. 2014ರಲ್ಲಿ ಕೃಷ್ಣಗಿರಿ, ಧರ್ಮಪುರಿ ಕಾಡುಗಳು ಸೇರಿ ಉತ್ತರ ಕಾವೇರಿ ವನ್ಯಧಾಮವಾಯಿತು. ಆನೆಗೆ ಅದರ ಗಡಿ ಗೊತ್ತಿಲ್ಲ, ಹೊತ್ತು ಮುಳುಗುವುದು ಗೊತ್ತು. ಚೆನ್ನೈಯಲ್ಲಿ ಕೂತು ಬರೆದ ಯಾವ ಸಂಜೆ ತರಗತಿಯ ವೇಳಾಪಟ್ಟಿಯೂ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಾರದು.

ಬಯಲನ್ನೇ ಶಾಲೆ ಮಾಡಿದವರು ನಮ್ಮ ದೇಶದಲ್ಲೇ ಇದ್ದರು. ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಕರಾವಳಿಯ ಬೋರ್ಡಿಯಲ್ಲಿ, ಮುಂದೆ ಕೋಸಬಾಡದಲ್ಲಿ, ಅನುತಾಯಿ ವಾಘ್ ಜೊತೆ ಸೇರಿ ಆದಿವಾಸಿ ಮಕ್ಕಳ ಅಂಗಳಕ್ಕೇ ಶಾಲೆಯನ್ನು ಒಯ್ದರು. ಇಂದು ನಾವು ಬಳಸುವ ಅಂಗನವಾಡಿ ಎಂಬ ಪದ ಅಲ್ಲಿಂದ ಬಂದದ್ದು. ದನ ಕಾಯುವ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲೇ ಶಾಲೆ ಮಾಡಿದರು. ಆಮೇಲೆ ಅಂಗನವಾಡಿ ಕಟ್ಟಡವಾಯಿತು, ಅಂಗಳ ಹೆಸರಿನಲ್ಲಿ ಮಾತ್ರ ಉಳಿಯಿತು. ಹೊರದೇಶದಲ್ಲಿ ಜರ್ಮನಿಯ ಫ್ಲೆನ್ಸ್‌ಬರ್ಗ್‌ನಲ್ಲಿ 1993ರಲ್ಲಿ ಕಾಡಿನ ಶಿಶುವಿಹಾರಕ್ಕೆ ಸರ್ಕಾರದ ಮಾನ್ಯತೆ ಸಿಕ್ಕಿತು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕತೆಯಂತೂ ನಮ್ಮದೇ ಅನ್ನಿಸುತ್ತದೆ. ಕಟ್ಟಡವಿಲ್ಲ, ಆದ್ದರಿಂದ ಲೈಸೆನ್ಸಿಲ್ಲ, ಆದ್ದರಿಂದ ಅರ್ಧ ದಿನ ಮಾತ್ರ ನಡೆಸಬೇಕು ಎಂಬ ಸ್ಥಿತಿ ಅಲ್ಲಿನ ಬಯಲು ಶಾಲೆಗಳಿಗಿತ್ತು. 2017ರಲ್ಲಿ ಪ್ರಾಯೋಗಿಕವಾಗಿ ಶುರು ಮಾಡಿ, 2019ರಲ್ಲಿ ಆ ರಾಜ್ಯ ಬಯಲಿಗೇ ಲೈಸೆನ್ಸ್ ಕೊಡಲಾರಂಭಿಸಿತು. ಗೋಡೆ ಇಲ್ಲದ ಕಡೆ ಏನು ನೋಡುತ್ತಾರೆ? ಜಾಗದಲ್ಲಿರುವ ಅಪಾಯಗಳು, ಮಳೆಗಾಳಿ ಬಂದರೆ ಎಲ್ಲಿಗೆ ಹೋಗಬೇಕು, ಎಷ್ಟು ಮಕ್ಕಳಿಗೆ ಎಷ್ಟು ದೊಡ್ಡವರು, ಕೈ ತೊಳೆಯುವ ಏರ್ಪಾಡು. ಇದಕ್ಕೆಲ್ಲ ಡಾಲರು ಬೇಕಿಲ್ಲ.

ನಮ್ಮ ಕಡೆ ಸರ್ಕಾರವೇ ಸಂಜೆಯ ಬಯಲಿಗೆ ಇಳಿದದ್ದು ಕೊರೊನಾ ಕಾಲದಲ್ಲಿ. 2021ರ ಅಕ್ಟೋಬರ್ 27ರಂದು ಶುರುವಾದ 'ಇಲ್ಲಂ ತೇಡಿ ಕಲ್ವಿ', ಅಂದರೆ ಮನೆ ಹುಡುಕಿ ಬರುವ ಕಲಿಕೆ. ಮೊದಲ ಹನ್ನೆರಡು ಜಿಲ್ಲೆಗಳಲ್ಲಿ ಕೃಷ್ಣಗಿರಿಯೂ ಒಂದು. ಊರಿನ ಯುವತಿಯರೇ ಹೆಚ್ಚಾಗಿ ಸ್ವಯಂಸೇವಕಿಯರು, ತಿಂಗಳಿಗೆ ಸಾವಿರ ರೂಪಾಯಿ, ಒಬ್ಬರಿಗೆ ಇಪ್ಪತ್ತರ ಆಸುಪಾಸು ಮಕ್ಕಳು, ಸಂಜೆ ಐದರಿಂದ ಏಳರ ನಡುವೆ ಒಂದು ಒಂದೂವರೆ ಗಂಟೆ. ಮನೆಯ ಮುಂದೆ, ಗುಡಿಯ ಮಂಟಪದಲ್ಲಿ, ಮರದಡಿ ನಡೆಯಿತು. ಇನ್ನೂರು ವರ್ಷದ ಕೆಳಗಿನ ಜಗಲಿಗೆ ಸರ್ಕಾರದ ಹಾಜರಿ ಪುಸ್ತಕ ಬಂದಂತಾಯಿತು. ಇಲ್ಲಿ ಸರ್ಕಾರ ಮೊದಲು ನೋಡಿದ್ದು ಕಟ್ಟಡವನ್ನಲ್ಲ, ಮಕ್ಕಳ ಮುಂದೆ ನಿಲ್ಲುವ ಮನುಷ್ಯನ ಓದು, ವಯಸ್ಸು, ಹಿನ್ನೆಲೆಯನ್ನು. ನಮ್ಮ ಲೆಕ್ಕದಲ್ಲಿ ಅದೇ ಸರಿಯಾದ ತುದಿ.

ಅದಕ್ಕೆ ಕಾನೂನಿನ ಬಲವೂ ಇದೆ. 2020ರ ಪೋಕ್ಸೋ ನಿಯಮಗಳು ಮಕ್ಕಳೊಡನೆ ದಿನವೂ ಒಡನಾಡುವ ಸಂಸ್ಥೆ ಯಾವುದೇ ಇರಲಿ, ಶಾಲೆ, ಶಿಶುಪಾಲನಾ ಕೇಂದ್ರ, ಆಟದ ತರಬೇತಿ ಕೇಂದ್ರ, ಅಲ್ಲಿನ ಪ್ರತಿಯೊಬ್ಬ ಸಿಬ್ಬಂದಿಯ ಬಗ್ಗೆ ಪೊಲೀಸ್ ಪರಿಶೀಲನೆ ಆಗಬೇಕು, ಅದೂ ಆಗಾಗ ಆಗಬೇಕು ಎನ್ನುತ್ತವೆ. ಗುತ್ತಿಗೆಯವರಿಗೂ ಇದು ಅನ್ವಯ. ನಾವು ಓದಿಕೊಂಡ ಮಟ್ಟಿಗೆ ಬಯಲಿನ ಸಂಜೆ ಕೂಟಗಳಿಗೆ ನೇರವಾಗಿ ತಾಗುವ ನಿಯಮ ಇದೊಂದೇ. ಇದನ್ನು ಕೇಳಿದರೆ 'ನಮ್ಮೂರ ಹುಡುಗನನ್ನೇ ಅನುಮಾನಿಸುತ್ತೀರಾ' ಅನ್ನುವವರಿದ್ದಾರೆ. ಅವರಿಗೆ ಕ್ಯಾಂಪ್‌ಬೆಲ್ ವರದಿ ಓದಿಸಬೇಕು.

ಪೂರ್ತಿ ಲೈಸೆನ್ಸ್ ಪದ್ಧತಿಯೇ ಬರಲಿ ಎಂದು ನಾವು ಕೇಳುತ್ತಿಲ್ಲ. ಸಾವಿರ ರೂಪಾಯಿಗೆ ದುಡಿಯುವ ಹುಡುಗಿಯನ್ನು ತಹಶೀಲ್ದಾರ್ ಕಚೇರಿಗೆ ಅಲೆಸಿದರೆ ಕೂಟ ನಿಲ್ಲುತ್ತದೆ, ಮಗು ಮತ್ತೆ ಮಗ್ಗದ ಹತ್ತಿರ ಹೋಗುತ್ತದೆ. ಶಾಲಾ ನಿರ್ವಹಣಾ ಸಮಿತಿಯಲ್ಲಿ ತಾಯಿತಂದೆಯರೇ ಹೆಚ್ಚಿರುತ್ತಾರೆ, ಪಂಚಾಯಿತಿಯವರೂ ಇರುತ್ತಾರೆ. ಕೂಟ ನಡೆಯುವ ಜಾಗವನ್ನು ಸಮಿತಿಯವರು ಒಂದು ಸಲ ನಡೆದು ನೋಡಿ ಬಾವಿ, ಕರೆಂಟ್ ಕಂಬ, ಕ್ವಾರಿ ಎಲ್ಲಿದೆ ಎಂದು ಬರೆದು ಸಹಿ ಹಾಕಲಿ. ಇಪ್ಪತ್ತು ಮಕ್ಕಳಿಗೆ ಒಬ್ಬರಲ್ಲ, ಇಬ್ಬರು ದೊಡ್ಡವರು ಇರಲಿ, ಒಂದು ಮಗು ಬಿದ್ದರೆ ಉಳಿದವರನ್ನು ನೋಡಲು ಇನ್ನೊಬ್ಬರು ಬೇಕಲ್ಲ. ಯಾರ ಮಗುವನ್ನು ಯಾರು ಕರೆದುಕೊಂಡು ಹೋದರು ಎಂಬುದಕ್ಕೆ ಒಂದು ನೋಟುಪುಸ್ತಕ ಸಾಕು. ಕಾಡಂಚಿನ ಊರುಗಳಲ್ಲಿ ರಾಗಿ ಕಾಲ ಮುಗಿಯುವವರೆಗೆ ಕೂಟವನ್ನು ನಾಲ್ಕೂವರೆಗೇ ಶುರು ಮಾಡಿ ಐದೂವರೆಗೆ ಬಿಡಬೇಕು, ಮಕ್ಕಳು ಬೆಳಕಿರುವಾಗಲೇ ಗುಂಪಾಗಿ ಮನೆ ಸೇರಬೇಕು.