ಸುಶ್ರುತಸಂಹಿತೆಯಲ್ಲಿ ಸಂಧಿಚಿಕಿತ್ಸೆ

ಬಿಗಿದು ನೋಯುವ ಸಂಧಿಗಳಿಗೆ ನಮ್ಮ ಪ್ರಾಚೀನರು ತೈಲಮರ್ದನವೊಂದನ್ನೇ ಬಲ್ಲವರಾಗಿದ್ದರೆಂಬ ಭಾವನೆಯು ಹಲವರಲ್ಲಿ ಉಂಟು. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಭಗ್ನಚಿಕಿತ್ಸೆಯನ್ನು ಹೇಳುವ 3ನೆಯ ಅಧ್ಯಾಯವನ್ನು ಪರಿಶೀಲಿಸಿದರೆ ಈ ಭಾವನೆಯು ನಿಲ್ಲಲಾರದು.

ಸ್ಥಾನ ತಪ್ಪಿದ ಸಂಧಿಗೆ ಅಲ್ಲಿ ವಿಧಿಸಿರುವ ಹಸ್ತಕ್ರಿಯೆಗಳು ಆಂಛನ, ಪೀಡನ, ಸಂಕ್ಷೇಪ, ಬಂಧನ ಎಂಬಿವು. ಎಂದರೆ ಎಳೆಯುವುದು, ಒತ್ತುವುದು, ಕೂಡಿಸುವುದು, ಕಟ್ಟುವುದು. ಬಹುಕಾಲದ ಹಿಂದೆ ತಪ್ಪಿದ ಸಂಧಿಯನ್ನಾದರೋ ಮೊದಲು ಸ್ನೇಹಸ್ವೇದಗಳಿಂದ ಮೆದುಮಾಡಿ, ಬಳಿಕ ಈ ಕ್ರಿಯೆಗಳಿಂದಲೂ ಸ್ವಬುದ್ಧಿಯಿಂದಲೂ ಪ್ರಕೃತಿಗೆ ತರಬೇಕೆಂದಿದೆ. ಆದುದರಿಂದ ಇಲ್ಲಿ ತೈಲವು ಪೂರ್ವಸಿದ್ಧತೆಯೇ ಹೊರತು ಚಿಕಿತ್ಸೆಯ ಸರ್ವಸ್ವವಲ್ಲ.

ಗ್ರಂಥಕಾರನು ಕಾಲವನ್ನು ಎಣಿಸುವ ರೀತಿಯು ಇನ್ನೂ ವಿಚಾರಾರ್ಹವಾದುದು. ಕಟ್ಟನ್ನು ಶೀತಕಾಲದಲ್ಲಿ 7, ಸಾಧಾರಣ ಋತುವಿನಲ್ಲಿ 5, ಬೇಸಗೆಯಲ್ಲಿ 3 ದಿನಗಳಿಗೊಮ್ಮೆ ಬಿಚ್ಚಿ ಕಟ್ಟಬೇಕು. ಮುರಿದ ಎಲುಬು ಎಳೆಯ ವಯಸ್ಸಿನಲ್ಲಿ 1, ನಡುವಯಸ್ಸಿನಲ್ಲಿ 2, ಮುಪ್ಪಿನಲ್ಲಿ 3 ತಿಂಗಳಿಗೆ ಸ್ಥಿರವಾಗಿ ಕೂಡುವುದು. ಆದರೆ ಅಂಗೈ ಮುರಿದವನಿಗೆ ಮೊದಲು ಮಣ್ಣಿನ ಮುದ್ದೆ ಮೊದಲಾದುವನ್ನು ಹಿಡಿಸಿ, ಕೊನೆಗೆ ಕಲ್ಲನ್ನು ಹಿಡಿಸುವಲ್ಲಿ ದಿನಗಳ ಲೆಕ್ಕವಿಲ್ಲ. ಕೈಯಲ್ಲಿ ಬಲ ಹುಟ್ಟಿದ ಮೇಲೆ ಎಂದಷ್ಟೇ ಇರುವುದು.

ಹೀಗೆ ಕಟ್ಟಿಗೆ ಋತುವೂ ಎಲುಬಿಗೆ ವಯಸ್ಸೂ ಪ್ರಮಾಣವಾದರೆ, ವ್ಯಾಯಾಮಕ್ಕೆ ರೋಗಿಯ ಬಲವೇ ಪ್ರಮಾಣ. ವೈದ್ಯನ ಕೈ ಆರಂಭಿಸಿದುದನ್ನು ರೋಗಿಯ ಕೈಯೇ ಮುಗಿಸಬೇಕೆಂಬ ಈ ತತ್ತ್ವವನ್ನು ಇಂದಿನ ಫಿಸಿಯೊಥೆರಪಿಯೂ ಅಂಗೀಕರಿಸುವುದು. ಮರ್ದನವನ್ನೇ ಹೊಗಳಿ ಈ ವಿವೇಕವನ್ನು ಮರೆಯುವುದು ಗ್ರಂಥಕ್ಕೆ ಅನ್ಯಾಯ, ರೋಗಿಗೆ ಅಪಕಾರ.