ಒಪಿಯಾಯ್ಡ್ ಮಿತಿಮೀರಿದ ಸೇವನೆ ಮತ್ತು ನೆಲೋಕ್ಸೋನ್ ಔಷಧ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ
ಹೆರಾಯಿನ್, ಮಾರ್ಫೀನ್, ಫೆಂಟಾನಿಲ್ ಹಾಗೂ ಕೆಲವು ಪ್ರಬಲ ನೋವುನಿವಾರಕಗಳು ಒಪಿಯಾಯ್ಡ್ ವರ್ಗಕ್ಕೆ ಸೇರಿವೆ. ಇವುಗಳ ಪ್ರಮಾಣವು ಮಿತಿಮೀರಿದಾಗ ಮೆದುಳಿನ ಉಸಿರಾಟ ನಿಯಂತ್ರಣ ಕೇಂದ್ರವು ಮಂದವಾಗಿ, ಉಸಿರು ನಿಂತು ಮರಣ ಸಂಭವಿಸಬಹುದು. ಸಕಾಲದಲ್ಲಿ ನೆಲೋಕ್ಸೋನ್ ನೀಡಿದಲ್ಲಿ ಜೀವ ಉಳಿಸಲು ಸಾಧ್ಯ.

1. ಔಷಧದ ಕಾರ್ಯವಿಧಾನ
ನೆಲೋಕ್ಸೋನ್ ಮೆದುಳಿನ ಗ್ರಾಹಕಗಳಿಂದ ಒಪಿಯಾಯ್ಡನ್ನು ತೆರವುಗೊಳಿಸಿ ತಾನು ಆ ಸ್ಥಾನವನ್ನು ಆಕ್ರಮಿಸುತ್ತದೆ. ಕೆಲವೇ ನಿಮಿಷಗಳಲ್ಲಿ ಉಸಿರಾಟವು ಚೇತರಿಸಿಕೊಳ್ಳುತ್ತದೆ. ಪರಿಣಾಮವು ಸುಮಾರು 30ರಿಂದ 90 ನಿಮಿಷ ಮಾತ್ರ ಇರುವುದರಿಂದ, ದೇಹದಲ್ಲಿ ಉಳಿದ ಒಪಿಯಾಯ್ಡ್‌ನಿಂದ ಮತ್ತೆ ಉಸಿರು ಕುಂದಬಹುದು. ಆದ್ದರಿಂದ ಎಚ್ಚರಗೊಂಡ ವ್ಯಕ್ತಿಯನ್ನೂ ಆಸ್ಪತ್ರೆಗೆ ಸೇರಿಸತಕ್ಕದ್ದು. ಮದ್ಯ ಅಥವಾ ನಿದ್ರೆಮಾತ್ರೆಯ ಪರಿಣಾಮವನ್ನು ಈ ಔಷಧವು ತೆಗೆಯುವುದಿಲ್ಲ.

2. ಲಭ್ಯತೆ
ಅಮೆರಿಕದಲ್ಲಿ 1971ರಲ್ಲಿ ಅನುಮೋದನೆಗೊಂಡ ಈ ಔಷಧವು ವಿಶ್ವ ಆರೋಗ್ಯ ಸಂಸ್ಥೆಯ ಅವಶ್ಯಕ ಔಷಧಗಳ ಪಟ್ಟಿಯಲ್ಲಿದೆ. ಇಂತಹ ಪ್ರಸಂಗಗಳನ್ನು ಎದುರಿಸಬಹುದಾದ ಜನಸಾಮಾನ್ಯರಿಗೂ ಇದು ದೊರೆಯಬೇಕೆಂದು ಸಂಸ್ಥೆಯು 2014ರಲ್ಲಿ ಶಿಫಾರಸು ಮಾಡಿದೆ. ಅಮೆರಿಕದಲ್ಲಿ 2023ರಿಂದ ಮೂಗಿನ ಸಿಂಪಡಣೆಯು ವೈದ್ಯರ ಚೀಟಿಯಿಲ್ಲದೆ ದೊರೆಯುತ್ತಿದೆ. ಭಾರತದಲ್ಲಿ ಇದು ಪ್ರಮುಖವಾಗಿ ಚುಚ್ಚುಮದ್ದಿನ ರೂಪದಲ್ಲಿ, ವೈದ್ಯರ ಮೂಲಕ ಬಳಕೆಯಲ್ಲಿದೆ.

3. ಲಕ್ಷಣಗಳು
ಅ) ಕರೆದರೂ ಅಲುಗಾಡಿಸಿದರೂ ಎಚ್ಚರಗೊಳ್ಳದಿರುವುದು
ಆ) ಉಸಿರಾಟವು ಅತಿ ನಿಧಾನವಾಗಿರುವುದು ಅಥವಾ ಗೊರಕೆಯಂತಹ ಸದ್ದು
ಇ) ಕಣ್ಣಿನ ಪಾಪೆಯು ಸೂಜಿಮೊನೆಯಷ್ಟು ಕಿರಿದಾಗಿರುವುದು
ಈ) ತುಟಿ, ಉಗುರುಗಳು ನೀಲಿಗಟ್ಟುವುದು

4. ಕೈಗೊಳ್ಳಬೇಕಾದ ಕ್ರಮಗಳು
ಕೂಡಲೇ 108 ಅಥವಾ 112ಕ್ಕೆ ಕರೆ ಮಾಡತಕ್ಕದ್ದು. ಉಸಿರಾಡುತ್ತಿದ್ದಲ್ಲಿ ವ್ಯಕ್ತಿಯನ್ನು ಒಂದು ಮಗ್ಗುಲಿಗೆ ಮಲಗಿಸುವುದು. ಉಸಿರು ನಿಂತಿದ್ದಲ್ಲಿ, ತರಬೇತಿ ಪಡೆದವರು ಬಾಯಿಯ ಮೂಲಕ ಉಸಿರು ನೀಡುವುದು ಹಾಗೂ ಅಗತ್ಯವಿದ್ದಲ್ಲಿ ಎದೆ ಒತ್ತುವುದು. ಉಪ್ಪುನೀರು, ಹುಣಸೆರಸ ಕುಡಿಸಕೂಡದು. ತಣ್ಣೀರು ಸುರಿಯುತ್ತ ಕಾಲಹರಣ ಮಾಡಕೂಡದು. ಸೇವಿಸಿದ ವಸ್ತುವಿನ ವಿವರವನ್ನು ವೈದ್ಯರಿಂದ ಮರೆಮಾಚಕೂಡದು.

5. ಕಾನೂನಿನ ಭಯ ಬೇಡ
ಪೊಲೀಸರ ಭಯದಿಂದ ಕರೆ ಮಾಡಲು ವಿಳಂಬ ಮಾಡುವುದು ಪ್ರಾಣಕ್ಕೆ ಎರವಾಗಬಹುದು. ಮಾದಕ ವಸ್ತುಗಳ ಅಧಿನಿಯಮ, 1985ರ 64ಎ ಪ್ರಕರಣದನ್ವಯ, ಸೇವನೆ ಅಥವಾ ಅಲ್ಪ ಪ್ರಮಾಣದ ಅಪರಾಧದ ಆರೋಪವಿರುವ ವ್ಯಸನಿಯು ಸ್ವಇಚ್ಛೆಯಿಂದ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ವ್ಯಸನಮುಕ್ತಿ ಚಿಕಿತ್ಸೆ ಪಡೆದಲ್ಲಿ ವಿಚಾರಣೆಯಿಂದ ವಿನಾಯಿತಿ ಇದೆ. ಚಿಕಿತ್ಸೆಯನ್ನು ಪೂರ್ಣಗೊಳಿಸದಿದ್ದಲ್ಲಿ ವಿನಾಯಿತಿಯನ್ನು ಹಿಂಪಡೆಯಬಹುದಾಗಿದೆ.

6. ಸಹಾಯವಾಣಿ
ವ್ಯಸನಮುಕ್ತಿ ಮಾಹಿತಿಗಾಗಿ: 14446
ಮಾನಸಿಕ ಆರೋಗ್ಯ ಸಲಹೆಗಾಗಿ ಟೆಲಿ ಮಾನಸ್: 14416
ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ವ್ಯಸನ ಚಿಕಿತ್ಸಾ ಸೌಲಭ್ಯವಿರುತ್ತದೆ.